ಬೂಷ್ಟಿನ ಮನೆಯ ನೇಕಾರರು

ಮಕ್ಕಳೇ, ಗದ್ವಾಲ, ಮಕ್ತಲ್, ನಾರಾಯಣಪೇಟೆ ಕಡೆಯ ಮಸಾರಿ ಹೊಲಗಳಲ್ಲಿ ಹಿಂಗಾರಿನ ಶೇಂಗಾ ಕೀಳುವ ಹೊತ್ತಿಗೆ ಮನೆಮನೆಯಲ್ಲೂ ಕಾಯಿ ಸುಲಿಯುವ ಕೆಲಸ ಇದ್ದೇ ಇರುತ್ತದೆ. ನೀವೂ ಅಜ್ಜಿಯ ಪಕ್ಕ ಕೂತು ಸುಲಿದಿರುತ್ತೀರಿ. ತುಂಬಿದ, ನುಣುಪಾದ, ತಿಳಿಗೆಂಪು ಸಿಪ್ಪೆಯ ಕಾಳುಗಳ ನಡುವೆ ಎಲ್ಲೋ ಒಂದೆರಡು ಸುಕ್ಕುಗಟ್ಟಿದವು, ಕಪ್ಪಾದವು ಸಿಗುತ್ತವಲ್ಲ? ಅದರಲ್ಲೂ ಒಂದರ ಮೇಲೆ ಹಸಿರು-ಹಳದಿ ಪುಡಿ ಮೆತ್ತಿಕೊಂಡಿದ್ದರೆ ಅದನ್ನು ಬಾಯಿಗೆ ಹಾಕಬೇಡಿ, ಮೂಗಿನ ಹತ್ತಿರವೂ ತರಬೇಡಿ. ಒಂದು ಕಾಗದದ ಮೇಲೆ ಇಟ್ಟು, ದೂರದಿಂದ ನೋಡೋಣ. ಇವತ್ತಿನ ನಮ್ಮ ಕಥೆಯೆಲ್ಲ ಆ ಪುಡಿಯದು.

ಆ ಪುಡಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಏನು ಕಾಣುತ್ತದೆ ಗೊತ್ತೇ? ಮೊದಲು ಬೆಳ್ಳನೆಯ, ಬಹಳ ಸಣ್ಣ ಎಳೆಗಳು. ಎಳೆಗಳಿಂದ ನೆಟ್ಟಗೆ ಎದ್ದು ನಿಂತ ಕಡ್ಡಿಗಳು. ಒಂದೊಂದು ಕಡ್ಡಿಯ ತುದಿಗೂ ಒಂದು ದುಂಡನೆಯ ತಲೆ. ತಲೆಯ ಸುತ್ತ ಸಾಲುಸಾಲಾಗಿ ಅಂಟಿಕೊಂಡ ಹಸಿರು ಮಣಿಗಳು. ಆ ಮಣಿಗಳೇ ಬೂಷ್ಟಿನ ಬೀಜಕಗಳು. ಒಂದು ಮಿಲಿಮೀಟರನ್ನು ಇನ್ನೂರು ಪಾಲು ಮಾಡಿದರೆ ಒಂದು ಪಾಲು ಎಷ್ಟಾದೀತೋ, ಒಂದು ಬೀಜಕ ಹೆಚ್ಚುಕಮ್ಮಿ ಅಷ್ಟೇ. ಈ ಬೂಷ್ಟಿಗೆ ವಿಜ್ಞಾನಿಗಳು ಇಟ್ಟ ಹೆಸರು ಆಸ್ಪರ್ಜಿಲಸ್ ಫ್ಲೇವಸ್. ಬೂಷ್ಟುಗಳನ್ನೂ ಅಣಬೆಗಳನ್ನೂ ಒಟ್ಟಿಗೆ ಸೇರಿಸಿ ಶಿಲೀಂಧ್ರ ಎನ್ನುತ್ತಾರೆ.

ಇದು ಶೇಂಗಾಕ್ಕೆ ಹೇಗೆ ಅಂಟಿತು? ಶೇಂಗಾ ಗಿಡ ಒಂದು ವಿಚಿತ್ರ ಕೆಲಸ ಮಾಡುತ್ತದೆ. ಹಳದಿ ಹೂವು ಬಿಡುವುದು ನೆಲದ ಮೇಲೆ, ಕಾಯಿ ಕಟ್ಟುವುದು ನೆಲದೊಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಚೂಪಾದ ಎಳೆಯೊಂದು ಹೊರಟು, ಬಾಗಿ, ಮಣ್ಣಿಗೆ ಇಳಿಯುತ್ತದೆ. ಅದರ ತುದಿ ಮಣ್ಣಿನಲ್ಲಿ ಉಬ್ಬಿ ಕಾಯಿಯಾಗುತ್ತದೆ. ಆಸ್ಪರ್ಜಿಲಸ್ ವಾಸಿಸುವುದೂ ಅದೇ ಮಣ್ಣಿನಲ್ಲಿ. ಹಾಗಾಗಿ ಕಾಯಿ ಹುಟ್ಟಿದ ದಿನದಿಂದಲೇ ಬೂಷ್ಟು ಅದರ ನೆರೆಮನೆಯದು. ಬೂಷ್ಟು ಹಿಡಿದ ಕಾಳನ್ನೇ ಬಿತ್ತಿದರೆ ಕೆಲವು ಮಣ್ಣಿನಲ್ಲೇ ಕೊಳೆಯುತ್ತವೆ. ಕೆಲವು ಮೊಳೆತರೂ ಪಕ್ಕದ ಬೇರು ಬಿಡದೆ ಗಿಡ್ಡವಾಗಿ ನಿಲ್ಲುತ್ತವೆ.

ಬೂಷ್ಟಿಗೆ ಬಾಯಿಲ್ಲ, ಹಲ್ಲಿಲ್ಲ, ಹೊಟ್ಟೆಯೂ ಇಲ್ಲ. ಆದರೂ ಗಟ್ಟಿ ಕಾಳನ್ನು ತಿನ್ನುತ್ತದೆ. ಹೇಗೆ ಎಂದು ತಿಳಿಯಲು ಒಂದು ಸಣ್ಣ ಪ್ರಯೋಗ ಮಾಡಿ. ಜೋಳದ ರೊಟ್ಟಿಯ ಒಂದು ತುಣುಕನ್ನು ನುಂಗದೆ ಬಹಳ ಹೊತ್ತು ಜಗಿಯುತ್ತಾ ಇರಿ. ಸ್ವಲ್ಪ ಹೊತ್ತಿಗೆ ಬಾಯಲ್ಲಿ ತೆಳುವಾದ ಸಿಹಿ ಬರುತ್ತದೆ. ಸಕ್ಕರೆ ಹಾಕಿದವರು ಯಾರು? ನಿಮ್ಮ ಜೊಲ್ಲಿನಲ್ಲಿರುವ ಒಂದು ಕಿಣ್ವ. ಅದು ರೊಟ್ಟಿಯ ಪಿಷ್ಟವನ್ನು ತುಂಡು ಮಾಡಿ ಸಿಹಿಯಾದ ಚೂರುಗಳನ್ನಾಗಿ ಮಾಡಿತು. ಬೂಷ್ಟು ಇಂಥ ಕಿಣ್ವಗಳನ್ನು ತನ್ನ ಎಳೆಗಳಿಂದ ಹೊರಕ್ಕೆ ಸುರಿಯುತ್ತದೆ, ಕಾಳು ಕರಗುತ್ತದೆ, ಕರಗಿದ್ದನ್ನು ಎಳೆಗಳು ಹೀರಿಕೊಳ್ಳುತ್ತವೆ. ನಾವು ತಿಂದು ಜೀರ್ಣಿಸುತ್ತೇವೆ, ಬೂಷ್ಟು ಜೀರ್ಣಿಸಿ ತಿನ್ನುತ್ತದೆ.

ಕಿಣ್ವಗಳ ಬಗ್ಗೆ ನನಗೆ ಬಹಳ ಇಷ್ಟವಾದ ಸಂಗತಿ ಎಂದರೆ, ಒಂದು ಕಿಣ್ವಕ್ಕೆ ಸಾಮಾನ್ಯವಾಗಿ ಒಂದೇ ಕೆಲಸ ಗೊತ್ತು. ಕತ್ತರಿಸುವುದು ಕತ್ತರಿಸುತ್ತದೆ, ಜೋಡಿಸುವುದು ಜೋಡಿಸುತ್ತದೆ. ಎಷ್ಟು ಸಲ ಮಾಡಿದರೂ ತಾನು ಸವೆಯುವುದಿಲ್ಲ, ಮತ್ತೆ ಅದೇ ಕೆಲಸಕ್ಕೆ ತಯಾರು. ನಮ್ಮ ಮೈಯಲ್ಲೂ, ಬೇವಿನ ಮರದಲ್ಲೂ, ಬೂಷ್ಟಿನಲ್ಲೂ ಇಂಥ ಸಾವಿರಾರು ಕೆಲಸಗಾರರಿದ್ದಾರೆ.

ತಿನ್ನಲು, ಬೆಳೆಯಲು ಬೇಕಾದ ಕಿಣ್ವಗಳು ಎಲ್ಲ ಜೀವಿಗಳಲ್ಲೂ ಇವೆ. ಶಿಲೀಂಧ್ರಗಳು ಅಷ್ಟಕ್ಕೇ ನಿಲ್ಲುವುದಿಲ್ಲ. ಬದುಕಲು ದಿನಾ ಬೇಕಿಲ್ಲದ, ಆದರೆ ಬೇಕಾದಾಗ ಉಪಯೋಗಕ್ಕೆ ಬರುವ ಕೆಲವು ವಿಶೇಷ ವಸ್ತುಗಳನ್ನೂ ತಯಾರಿಸುತ್ತವೆ. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಕಂಡ ಪೆನಿಸಿಲಿನ್ ಅಂಥ ಒಂದು ವಸ್ತು. ಅದು ನಮಗೆ ಔಷಧಿಯಾಯಿತು. ನಮ್ಮ ಶೇಂಗಾದ ಬೂಷ್ಟು ತಯಾರಿಸುವುದು ವಿಷ. ಅದರ ಹೆಸರು ಅಫ್ಲಾಟಾಕ್ಸಿನ್.

ಆ ವಿಷ ಹೇಗೆ ತಯಾರಾಗುತ್ತದೆ ಎಂದು ಕಣ್ಣಮುಂದೆ ತಂದುಕೊಳ್ಳಲು ನಾವು ದೂರ ಹೋಗಬೇಕಿಲ್ಲ. ನಾರಾಯಣಪೇಟೆಯ ನೇಕಾರರ ಓಣಿಗೆ ಹೋದರೆ ಸಾಕು. ಅಲ್ಲಿ ಒಂದು ಸೀರೆ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಒಬ್ಬರು ನೂಲಿಗೆ ಬಣ್ಣ ಹಾಕುತ್ತಾರೆ, ಒಬ್ಬರು ರಾಟೆ ತಿರುಗಿಸಿ ಕಂಡಿಕೆ ಸುತ್ತುತ್ತಾರೆ, ಒಬ್ಬರು ಹಾಸು ಹೂಡುತ್ತಾರೆ, ಒಬ್ಬರು ಮಗ್ಗದಲ್ಲಿ ಕೂತು ಲಾಳಿ ಎಸೆಯುತ್ತಾರೆ. ಗದ್ವಾಲದ ಸೀರೆಯಾದರೆ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸುವ ಕುಶಲ ಕೆಲಸ ಬೇರೆ. ಒಬ್ಬರು ಮುಗಿಸಿದ್ದನ್ನು ಇನ್ನೊಬ್ಬರು ಕೈಗೆತ್ತಿಕೊಳ್ಳುತ್ತಾರೆ. ನಡುವಿನ ಒಬ್ಬರು ಬರದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ.

ಬೂಷ್ಟಿನ ಒಳಗೂ ಇಂಥದೇ ಒಂದು ಓಣಿಯಿದೆ. ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಿಣ್ವಗಳು ಸಾಲಾಗಿ ಕೆಲಸ ಮಾಡುತ್ತವೆ. ಅವರ ನೂಲು ಇಂಗಾಲ, ಅಂದರೆ ಇದ್ದಿಲಿನಲ್ಲೂ ಸಕ್ಕರೆಯಲ್ಲೂ ನಮ್ಮ ಮೈಯಲ್ಲೂ ಇರುವ ಇಂಗಾಲವೇ. ಮೊದಲ ಕೆಲಸಗಾರರು ಆರು ಇಂಗಾಲದ ಒಂದು ತುಂಡನ್ನು ಸಿದ್ಧಮಾಡಿ ಕೊಡುತ್ತಾರೆ. ಮುಂದಿನವನು ಈ ಓಣಿಯ ದೊಡ್ಡ ನೇಕಾರ. ಹೆಸರು ಪಾಲಿಕೀಟೈಡ್ ಸಿಂಥೇಸ್. ಉಚ್ಚರಿಸಲು ನಾಲಿಗೆ ತೊಡರಿದರೆ ಚಿಂತೆಯಿಲ್ಲ, ದೊಡ್ಡ ನೇಕಾರ ಎಂದೇ ಕರೆಯೋಣ. ಅವನು ಆ ತುಂಡಿಗೆ ಒಂದು ಸಲಕ್ಕೆ ಎರಡು ಇಂಗಾಲದಂತೆ ಏಳು ಸಲ ಜೋಡಿಸುತ್ತಾನೆ. ಲೆಕ್ಕ ಹಾಕಿ: ಆರಕ್ಕೆ ಹದಿನಾಲ್ಕು ಕೂಡಿದರೆ ಇಪ್ಪತ್ತು.

ಇಪ್ಪತ್ತು ಇಂಗಾಲದ ಆ ಸರ ಮಡಚಿಕೊಂಡು ಉಂಗುರಗಳಾಗುತ್ತದೆ. ಆಗ ಅದಕ್ಕೊಂದು ಚೆಂದದ ಬಣ್ಣ ಬರುತ್ತದೆ, ಇಟ್ಟಿಗೆ ಕೆಂಪು ಬೆರೆತ ಕಿತ್ತಳೆ. ಅಲ್ಲಿಂದ ಮುಂದೆ ಒಬ್ಬ ಆಮ್ಲಜನಕ ಸೇರಿಸುತ್ತಾನೆ, ಒಬ್ಬ ತುದಿ ಕತ್ತರಿಸುತ್ತಾನೆ, ಒಬ್ಬ ಉಂಗುರ ಬಿಚ್ಚಿ ಬೇರೆ ಥರ ಕಟ್ಟುತ್ತಾನೆ, ಇನ್ನೊಬ್ಬ ಒಂದು ಇಂಗಾಲದ ಕುಚ್ಚು ತಗುಲಿಸುತ್ತಾನೆ. ಹೋಗುತ್ತಾ ಹೋಗುತ್ತಾ ಕಿತ್ತಳೆ ಹಳದಿಯಾಗಿ, ಹಳದಿ ತೆಳುವಾಗಿ, ಕೊನೆಗೆ ಬಣ್ಣವೇ ಕಾಣದಂತಾಗುತ್ತದೆ. ಕೊನೆಯಲ್ಲಿ ಸಿದ್ಧವಾದ ಅಫ್ಲಾಟಾಕ್ಸಿನ್ ಅಣುವಿನಲ್ಲಿ 17 ಇಂಗಾಲ, 12 ಜಲಜನಕ, 6 ಆಮ್ಲಜನಕ. ಅಷ್ಟೇ! ಮೂರೇ ಬಗೆಯ ಸಾಮಗ್ರಿ. ಸಕ್ಕರೆಯಲ್ಲಿ ಇರುವುದೂ ಇವೇ ಮೂರು. ನೇಯ್ಗೆ ಮಾತ್ರ ಬೇರೆ.

ಈ ಕಿಣ್ವಗಳನ್ನು ತಯಾರಿಸುವ ಸೂಚನೆಗಳು ಬೂಷ್ಟಿನ ಜೀನ್‌ಗಳಲ್ಲಿ ಬರೆದಿರುತ್ತವೆ. ಅಚ್ಚರಿಯೆಂದರೆ ಆ ಜೀನ್‌ಗಳೆಲ್ಲ ಚದುರಿಹೋಗದೆ ಒಂದೇ ಕಡೆ ಅಕ್ಕಪಕ್ಕ ಮನೆ ಮಾಡಿಕೊಂಡಿವೆ, ಅದಕ್ಕೇ ಓಣಿ ಎಂದೆ. ಆ ಓಣಿಗೊಬ್ಬ ಮೇಸ್ತ್ರಿಯೂ ಇದ್ದಾನೆ. ಅವನು ಕರೆದಾಗಲೇ ಉಳಿದವರು ಕೆಲಸಕ್ಕೆ ಇಳಿಯುವುದು. ಸುಮಾರು 30 ಡಿಗ್ರಿ ಸೆಖೆಯಲ್ಲಿ ಕೆಲಸ ಜೋರು. 37 ಡಿಗ್ರಿಗೆ ಏರಿದರೆ ಬೂಷ್ಟು ಚೆನ್ನಾಗಿಯೇ ಬೆಳೆಯುತ್ತದೆ, ವಿಷದ ಮಗ್ಗಗಳು ಮಾತ್ರ ಬಹುಪಾಲು ನಿಂತುಬಿಡುತ್ತವೆ.

ಇದನ್ನೆಲ್ಲ ಜನ ಕಂಡುಹಿಡಿದದ್ದು ಹೇಗೆ? 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಇದ್ದಕ್ಕಿದ್ದಂತೆ ಸತ್ತವು. ಯಾವ ರೋಗವೆಂದು ತಿಳಿಯದೆ ಅದಕ್ಕೆ ‘ಟರ್ಕಿ ಎಕ್ಸ್’ ಎಂದು ಹೆಸರಿಟ್ಟರು. ಹುಡುಕುತ್ತಾ ಹೋದಾಗ ಜಾಡು ಸಿಕ್ಕಿದ್ದು ಬ್ರೆಜಿಲ್ ದೇಶದಿಂದ ತರಿಸಿದ್ದ ಶೇಂಗಾ ಹಿಂಡಿಯಲ್ಲಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ ಗೊತ್ತಲ್ಲ, ನಮ್ಮ ಎಮ್ಮೆಗಳಿಗೂ ಹಾಕುತ್ತೇವೆ. ಅದಕ್ಕೆ ಬೂಷ್ಟು ಹಿಡಿದಿತ್ತು. ಅದರೊಳಗಿನ ವಿಷವನ್ನು ಬೇರೆ ಮಾಡಿ, ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದಾಗ ಅದು ನೀಲಿಯಾಗಿ, ಕೆಲವೆಡೆ ಹಸಿರಾಗಿ ಹೊಳೆಯಿತು. ಹಗಲಲ್ಲಿ ಕಾಣದ ವಿಷ ಆ ದೀಪಕ್ಕೆ ಸಿಕ್ಕಿಬಿತ್ತು.

ಆ ಸುದ್ದಿ ನಮ್ಮ ಮೈಸೂರಿಗೂ ಮುಖ್ಯವಾಗಿತ್ತು. ಅಲ್ಲಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಜನರು ಸಿಎಫ್‌ಟಿಆರ್‌ಐ ಎನ್ನುವುದು, ಪೌಷ್ಟಿಕ ಆಹಾರ ಸಾಲದವರಿಗಾಗಿ ಶೇಂಗಾ ಹಿಟ್ಟು, ಕಡಲೆ ಹಿಟ್ಟು ಬೆರೆಸಿದ ಪುಡಿ ತಯಾರಿಸುತ್ತಿತ್ತು. ತಿನ್ನುವವರ ಹೊಟ್ಟೆಗೆ ವಿಷ ಹೋಗಬಾರದಲ್ಲ. ಶೇಂಗಾ ಹಿಟ್ಟಿನಿಂದ ಅಫ್ಲಾಟಾಕ್ಸಿನ್ ತೆಗೆಯುವ ದಾರಿಗಳನ್ನು ಅಲ್ಲಿನ ವಿಜ್ಞಾನಿಗಳು 1960ರ ದಶಕದಲ್ಲೇ ಹುಡುಕಿದರು.

1974ರಲ್ಲಿ ದುಃಖದ ಘಟನೆಯೊಂದು ನಡೆಯಿತು. ರಾಜಸ್ಥಾನದ ಬಾಂಸ್ವಾಡಾ, ಗುಜರಾತಿನ ಪಂಚಮಹಲ್ ಜಿಲ್ಲೆಗಳ ಹಳ್ಳಿಗಳಲ್ಲಿ ಜನರಿಗೆ ಕಾಮಾಲೆಯಾಗಿ ನೂರಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಹೋಗಿ ನೋಡಿದರು. ಆ ಮನೆಗಳಲ್ಲಿ ನಾಯಿಗಳೂ ಸತ್ತಿದ್ದವು. ಮನುಷ್ಯರೂ ನಾಯಿಗಳೂ ತಿಂದದ್ದು ಒಂದೇ, ಅಕಾಲ ಮಳೆಗೆ ನೆನೆದು ಬೂಷ್ಟು ಹಿಡಿದಿದ್ದ ಮೆಕ್ಕೆಜೋಳ. ಬಡವರ ಮನೆಯಲ್ಲಿ ಕೆಟ್ಟ ಕಾಳನ್ನು ಎಸೆಯಲು ಬೇರೆ ಕಾಳು ಇರಬೇಕಲ್ಲ. ಈ ಮಾತು ನನಗೆ ಇವತ್ತಿಗೂ ಮನಸ್ಸಿಗೆ ತಾಗುತ್ತದೆ.

1995ರಲ್ಲಿ ನಮ್ಮ ದಖ್ಖನ್ ಪ್ರಸ್ಥಭೂಮಿಯ ಕೆಲವು ಹಳ್ಳಿಗಳಲ್ಲೂ ಹೀಗೇ ಆಯಿತು. ಜೋಳ, ಮೆಕ್ಕೆಜೋಳ ಮಳೆಗೆ ಸಿಕ್ಕಿ, ಫ್ಯುಸೇರಿಯಂ ಎಂಬ ಬೇರೊಂದು ಬೂಷ್ಟು ಬೆಳೆದು, ತಿಂದವರಿಗೆ ಹೊಟ್ಟೆನೋವು, ಭೇದಿ. ಅದರ ವಿಷ ಫ್ಯುಮೋನಿಸಿನ್. ಅದನ್ನು ನೇಯುವ ಓಣಿಯೇ ಬೇರೆ, ಆದರೆ ಅಲ್ಲೂ ಮೊದಲು ಲಾಳಿ ಹಿಡಿಯುವವನು ನಮ್ಮ ದೊಡ್ಡ ನೇಕಾರನ ದಾಯಾದಿಯೇ.

ಈಗ ಕಿಣ್ವಗಳ ಸಾಲನ್ನು ಒಂದೊಂದಾಗಿ ಗುರುತಿಸಿದ ಬಗೆ ಕೇಳಿ. ಅಮೆರಿಕದ ನ್ಯೂ ಆರ್ಲಿಯನ್ಸ್ ಊರಿನಲ್ಲಿ ಜೋನ್ ಬೆನೆಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ಈ ಬೂಷ್ಟಿನ ಒಡಹುಟ್ಟಿದ ಇನ್ನೊಂದು ಬೂಷ್ಟನ್ನು ಬೆಳೆಸುತ್ತಿದ್ದರು. ಒಂದು ತಳಿ ಮಾತ್ರ ಕಿತ್ತಳೆ-ಕೆಂಪು ಬಣ್ಣಕ್ಕೆ ತಿರುಗಿತು. ಬೇರೆಯವರಾದರೆ ಕೆಟ್ಟಿತೆಂದು ಎಸೆಯುತ್ತಿದ್ದರೇನೋ. ಅವರು ಎಸೆಯಲಿಲ್ಲ. ಓಣಿಯಲ್ಲಿ ಒಬ್ಬ ಕೆಲಸಗಾರ ಹಾಳಾಗಿದ್ದ, ಅವನವರೆಗೆ ಬಂದ ಕಿತ್ತಳೆ ಬಣ್ಣದ ಮಾಲು ಮುಂದೆ ಸಾಗದೆ ರಾಶಿ ಬಿದ್ದಿತ್ತು! ಆ ಬಣ್ಣದ ವಸ್ತು ಏನೆಂದು 1971ರಲ್ಲಿ ಪ್ರಕಟಿಸಿದರು. ಎಲ್ಲಿ ಮಾಲು ನಿಂತಿದೆಯೋ ಅದರ ಮುಂದಿನವನೇ ಇಲ್ಲದವನು. ಹೀಗೆ ಬೇರೆಬೇರೆ ಕಡೆ ನಿಂತುಹೋದ ತಳಿಗಳನ್ನು ಹುಡುಕಿ, ಹಲವು ದೇಶಗಳ ವಿಜ್ಞಾನಿಗಳು ಸೇರಿ ಪೂರ್ತಿ ಸಾಲನ್ನು ಬಿಡಿಸಿದರು.

ನಮ್ಮ ಮೈಯಲ್ಲಿ ಈ ವಿಷ ಏನು ಮಾಡುತ್ತದೆ? ಯಕೃತ್ತು, ಅಂದರೆ ಪಿತ್ತಜನಕಾಂಗ, ಬೇಡವಾದದ್ದನ್ನು ಮೈಯಿಂದ ಹೊರಹಾಕಲು ಹಗಲೂ ರಾತ್ರಿ ದುಡಿಯುತ್ತದೆ. ಅಲ್ಲಿನ ಕಿಣ್ವವೊಂದು ಅಫ್ಲಾಟಾಕ್ಸಿನ್ ಅನ್ನು ಕರಗುವಂತೆ ಮಾಡಲು ಅದಕ್ಕೊಂದು ಆಮ್ಲಜನಕ ಸೇರಿಸುತ್ತದೆ. ಉದ್ದೇಶವೇನೋ ಒಳ್ಳೆಯದೇ. ಆದರೆ ಸೇರಿಸಿದ ಕ್ಷಣವೇ ಆ ಅಣು ಹರಿತವಾಗಿ, ನಮ್ಮ ಜೀವಕೋಶದ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ತಿಂದರೆ ಯಕೃತ್ತಿಗೆ ಕ್ಯಾನ್ಸರ್ ಬರುವ ಅಪಾಯ ಇರುವುದು ಇದರಿಂದಲೇ. ಯುರೋಪಿನ ದೇಶಗಳು ನೇರವಾಗಿ ತಿನ್ನುವ ಶೇಂಗಾದ ಒಂದು ಕಿಲೋದಲ್ಲಿ 4 ಮೈಕ್ರೋಗ್ರಾಮಿಗಿಂತ ಹೆಚ್ಚು ಅಫ್ಲಾಟಾಕ್ಸಿನ್ ಇದ್ದರೆ ಬೇಡ ಎನ್ನುತ್ತವೆ. ಒಂದು ಗ್ರಾಮನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ಮೈಕ್ರೋಗ್ರಾಂ. ಹಾಗೆಂದು ನೀವು ಹೆದರಬೇಡಿ. ಯಾವಾಗಲೋ ಒಂದು ಕಹಿ ಕಾಳು ಬಾಯಿಗೆ ಬಂದರೆ ಉಗುಳಿ, ಬಾಯಿ ಮುಕ್ಕಳಿಸಿದರೆ ಆಯಿತು. ಹುರಿದರೆ ವಿಷ ಹೋಗುತ್ತದೆ ಎಂದು ಮಾತ್ರ ನಂಬಬೇಡಿ. ಒಲೆಯ ಕಾವಿಗೆ ಅದು ಪೂರ್ತಿ ನಾಶವಾಗುವುದಿಲ್ಲ.

ಶೇಂಗಾ ಗಿಡವೇನೂ ಸುಮ್ಮನೆ ಕೂತಿರುವುದಿಲ್ಲ. ಬೂಷ್ಟಿನ ಎಳೆ ತಾಗಿದ ಕೂಡಲೇ ಹಸಿ ಕಾಳು ತನ್ನದೇ ಕಿಣ್ವಗಳಿಂದ ಬೂಷ್ಟನ್ನು ತಡೆಯುವ ವಸ್ತುಗಳನ್ನು ನೇಯತೊಡಗುತ್ತದೆ. ಅದರ ನೂಲು ಯಾವುದೆಂದುಕೊಂಡಿರಿ? ಒಂದು ಪಾಲು ಅದೇ ಎರಡೆರಡು ಇಂಗಾಲದ ತುಂಡುಗಳು! ಒಂದೇ ನೂಲಿನಿಂದ ಬೂಷ್ಟು ವಿಷ ನೇಯುತ್ತದೆ, ಕಾಳು ರಕ್ಷೆ ನೇಯುತ್ತದೆ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆದರೆ ಕಾಳಿನ ಮಗ್ಗ ನಡೆಯಲು ನೀರು ಬೇಕು. ಬೆಳೆಯ ಕೊನೆಯ ಮೂರು ನಾಲ್ಕು ವಾರ ಮಳೆ ಕೈಕೊಟ್ಟು ಮಣ್ಣು ಒಣಗಿ ಕಾದರೆ, ಕಾಳಿನೊಳಗಿನ ತೇವ ಇಳಿದು ಅದರ ನೇಯ್ಗೆ ನಿಲ್ಲುತ್ತದೆ. ಬೂಷ್ಟಿಗೆ ಅಷ್ಟು ತೇವ ಬೇಕಿಲ್ಲ, ಅದರ ಮಗ್ಗ ನಡೆದೇ ಇರುತ್ತದೆ. ಮಳೆಯನ್ನೇ ನಂಬಿದ ಹೊಲಗಳಲ್ಲಿ ಈ ಕಾಟ ಹೆಚ್ಚಿರುವುದು ಇದಕ್ಕೇ. ಜುರಾಲ ಕಾಲುವೆಯದೋ ಬಾವಿಯದೋ ನೀರು ಕೊನೆಯವರೆಗೂ ಸಿಗುವ ಹಿಂಗಾರಿನ ಶೇಂಗಾಕ್ಕೆ ತನ್ನನ್ನು ಕಾಪಾಡಿಕೊಳ್ಳುವ ಬಲ ಹೆಚ್ಚು. ನೀರು ಕಟ್ಟುವ ಅಪ್ಪನಿಗೆ ಈ ಸಂಗತಿ ಹೇಳಿ ನೋಡಿ.

ಓಣಿಯಲ್ಲಿ ಒಬ್ಬ ಬರದಿದ್ದರೆ ಕೆಲಸ ನಿಲ್ಲುತ್ತದೆ ಎಂದೆನಲ್ಲ, ಅದನ್ನೇ ಉಪಯೋಗಕ್ಕೆ ತಂದವರಿದ್ದಾರೆ. ಅಮೆರಿಕದ ಅರಿಜೋನದಲ್ಲಿ, ನಮ್ಮ ಗದ್ವಾಲದ ಹಾಗೆಯೇ ಹತ್ತಿ ಬೆಳೆಯುವ ನಾಡಿನಲ್ಲಿ, ವಿಷ ಮಾಡಲಾರದ ಒಂದು ಆಸ್ಪರ್ಜಿಲಸ್ ತಳಿ ಸಿಕ್ಕಿತು. ಹೆಸರು ಎಎಫ್36. ಅದರ ದೊಡ್ಡ ನೇಕಾರನ ಜೀನ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿತ್ತು, ಅಷ್ಟಕ್ಕೇ ಆ ನೇಕಾರ ಹುಟ್ಟುತ್ತಲೇ ಇರಲಿಲ್ಲ. ಈ ಸಾಧು ತಳಿಯನ್ನು ಗೋಧಿಯ ಕಾಳಿಗೆ, ಆಮೇಲೆ ಜೋಳದ ಕಾಳಿಗೆ ಹಿಡಿಸಿ ಹೊಲಕ್ಕೆ ಎರಚಿದರು. ಜಾಗವನ್ನೆಲ್ಲ ಅದೇ ಹಿಡಿದುಕೊಂಡಿತು, ವಿಷದ ತಳಿಗೆ ಕಾಲಿಡಲು ಜಾಗ ಕಮ್ಮಿಯಾಯಿತು. ಬೂಷ್ಟನ್ನು ಬೂಷ್ಟಿನಿಂದಲೇ ತಡೆದರು.

ಜಪಾನಿನವರ ಅಡುಗೆಮನೆಯಲ್ಲಿ ಇದಕ್ಕಿಂತ ಸೋಜಿಗದ ಸಂಗತಿಯಿದೆ. ಅವರು ಸೋಯಾ ಸಾಸ್ ಮಾಡಲು ಶತಮಾನಗಳಿಂದ ಬಳಸುವ ಬೂಷ್ಟು ಆಸ್ಪರ್ಜಿಲಸ್ ಒರೈಜೆ, ನಮ್ಮ ಶೇಂಗಾ ಬೂಷ್ಟಿನ ತೀರ ಹತ್ತಿರದ ನೆಂಟ. ಅದರ ಜೀನ್‌ಗಳನ್ನೆಲ್ಲ 2005ರಲ್ಲಿ ಓದಿ ಮುಗಿಸಿದರು. ಅದರೊಳಗೂ ಅಫ್ಲಾಟಾಕ್ಸಿನ್ ಓಣಿ ಇತ್ತು, ಮನೆಗಳೂ ಇದ್ದವು. ಆದರೆ ಮಗ್ಗಗಳು ನಡೆಯುವುದಿಲ್ಲ, ವಿಷ ಬರುವುದಿಲ್ಲ.

ನಮಗೆ ತೀರ ಹತ್ತಿರದ ಪ್ರಯತ್ನ ನಡೆದದ್ದು ಹೈದರಾಬಾದಿನ ಪಕ್ಕದ ಪಟಾಂಚೆರುವಿನಲ್ಲಿ. ಅಲ್ಲಿ 1972ರಲ್ಲಿ ಶುರುವಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯಿದೆ. ನಮ್ಮಂಥ ಒಣಭೂಮಿಯ ಬೆಳೆಗಳೇ ಅದರ ಕೆಲಸ. ಅಲ್ಲಿನ ವಿಜ್ಞಾನಿಗಳು ಅಮೆರಿಕದ ಸಂಗಡಿಗರ ಜೊತೆ ಸೇರಿ ಅಫ್ಲಾಟಾಕ್ಸಿನ್ ಓಣಿಯ ಕೊನೆಯ ಕಡೆಯ ಇಬ್ಬರು ಕೆಲಸಗಾರರನ್ನು ಆರಿಸಿಕೊಂಡರು. ಅವರಲ್ಲೊಬ್ಬ, ಒಂದು ಇಂಗಾಲದ ಕುಚ್ಚು ತಗುಲಿಸುವವನು. ಬೂಷ್ಟು ಒಂದು ಕಿಣ್ವ ತಯಾರಿಸುವ ಮುನ್ನ ಅದರ ಜೀನ್‌ನಿಂದ ಒಂದು ಚೀಟಿ ಹೊರಡುತ್ತದೆ. ಆ ಚೀಟಿಯನ್ನು ಹರಿದುಹಾಕುವ ಪುಟ್ಟ ಅಣುಗಳನ್ನು ಶೇಂಗಾ ಗಿಡವೇ ತಯಾರಿಸುವಂತೆ ಅವರು ಮಾಡಿದರು. ಬೂಷ್ಟು ಕಾಳಿಗೆ ಬಾಯಿ ಹಾಕಿದಾಗ ಆ ಅಣುಗಳೂ ಅದರೊಳಗೆ ಹೋದವು, ಚೀಟಿ ಹರಿಯಿತು, ಕೆಲಸಗಾರ ಬರಲಿಲ್ಲ. ಕಾಳಿನಲ್ಲಿ ವಿಷ ಬಹಳ ಇಳಿಯಿತು. ಈ ಫಲಿತಾಂಶ ಹೊರಬಿದ್ದದ್ದು 2017ರಲ್ಲಿ. ಆ ಬೀಜ ಇನ್ನೂ ರೈತರ ಕೈಗೆ ಬಂದಿಲ್ಲ.

ಆ ಬೀಜ ಬರುವವರೆಗೆ ಕೆಲಸ ನಿಮ್ಮ ಕೈಯಲ್ಲೂ ಇದೆ. ಕಿತ್ತ ಕಾಯಿಯನ್ನು ತೆಳ್ಳಗೆ ಹರವಿ ಬಿಸಿಲಿಗೆ ಒಣಗಿಸುವಾಗ ದಿನವೂ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ಕಾಳು ಗಲಗಲ ಎನ್ನದಿದ್ದರೆ ಇನ್ನೂ ಒಣಗಬೇಕು. ಸುಲಿಯಲು ಸುಲಭವಾಗಲೆಂದು ಕೆಲವರು ಕಾಯಿಗೆ ನೀರು ಚಿಮುಕಿಸುತ್ತಾರೆ, ಅದು ಬೂಷ್ಟಿಗೆ ಊಟಕ್ಕೆ ಕರೆದಂತೆ, ಬೇಡವೆನ್ನಿ. ಹಸನು ಮಾಡುವಾಗ ಸುಕ್ಕಾದ, ಒಡೆದ, ಬಣ್ಣಗೆಟ್ಟ ಕಾಳುಗಳನ್ನು ಬೇರೆ ಮಾಡಿ ಹೂತುಬಿಡಿ. ವಿಷ ಹೆಚ್ಚಾಗಿ ಅಂಥ ಕೆಲವೇ ಕಾಳುಗಳಲ್ಲಿ ತುಂಬಿಕೊಂಡಿರುತ್ತದೆ. ಎಸೆಯಲು ಮನಸ್ಸು ಬಾರದೆ ಅವನ್ನು ಎಮ್ಮೆಯ ಮುಂದೆ ಸುರಿಯಬೇಡಿ. ಅದರ ಯಕೃತ್ತು ಅಫ್ಲಾಟಾಕ್ಸಿನ್ ರೂಪವನ್ನು ಸ್ವಲ್ಪ ಬದಲಿಸಿ ಹಾಲಿಗೆ ಬಿಡುತ್ತದೆ, ಆ ಹಾಲು ಮರಳಿ ನಮ್ಮ ಲೋಟಕ್ಕೇ ಬರುತ್ತದೆ.